ಶಿನ್‌ಚಾನ್‌ನ ಬಾದಾಮಿ ಬಳಗ

ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಕೆಂಪು ಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಊರಿನ ಮೇಲೆ ಕಾರುತ್ತವೆ. ಹನ್ನೊಂದು ಗಂಟೆ ದಾಟಿದರೆ ಹೊರಗೆ ಕಾಣುವವರು ಎರಡೇ ಬಗೆ: ಟಿಕೆಟ್ ತೆಗೆಸಿಬಿಟ್ಟಿರುವ ಪ್ರವಾಸಿಗರು, ಟಿಕೆಟ್ಟಿನ ಗೊಡವೆಯೇ ಇಲ್ಲದ ಮಂಗಗಳು. ಉಳಿದವರೆಲ್ಲ ಫ್ಯಾನಿನ ಕೆಳಗೆ. ಸೂಟಿಗೆ ಬಂದ ಮೊಮ್ಮಕ್ಕಳಿರುವ ಮನೆಯಲ್ಲಂತೂ ಒಳಗಿನ ಬಿಸಿಯೇ ಹೆಚ್ಚು. ಹೀಗಾಗಿ ನಮ್ಮ ಮನೆಯ ಮಧ್ಯಾಹ್ನದ ಟೀವಿ ನನ್ನ ಹೆಂಡತಿಯ ಧಾರಾವಾಹಿಗಳ ಕೈತಪ್ಪಿ, ಎರಡನೇ ಇಯತ್ತೆಯ ಮೊಮ್ಮಗ ಮತ್ತು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮೊಮ್ಮಗಳ ವಶವಾಯಿತು. ಅದರ ಜೊತೆ ನನ್ನ ಆರಾಮ ಕುರ್ಚಿಯೂ ಹೋಯಿತು. ನಾನು ಶಿನ್‌ಚಾನ್ ಎಂಬ ಕಾರ್ಟೂನು ಹುಡುಗನನ್ನು ಮೊದಲು ನೋಡಿದ್ದು ಚಾಪೆಯ ಮೇಲೆ ಕುಳಿತು.

ಮೊದಲ ನೋಟಕ್ಕೆ ಮೆಚ್ಚುವಂಥದ್ದೇನೂ ಇರಲಿಲ್ಲ. ಹೊಲದಿಂದ ಈಗಷ್ಟೇ ಕಿತ್ತ ಬಟಾಟಿಯಂಥ ಮುಖ, ಇದ್ದಿಲಿನಲ್ಲಿ ಗೀಚಿದಂಥ ಹುಬ್ಬು, ಎಳೆದೆಳೆದು ಆಡುವ ಸೋಮಾರಿ ಮಾತು. ಐದು ವರ್ಷದ ಈ ಪೋರ ತೊಕಿಯೊ ಹತ್ತಿರದ ಕಸುಕಾಬೆ ಎಂಬ ಊರಿನವನು. ಓದುವುದು, ಅಂದರೆ ಓದದೆ ಇರುವುದು, ಫುತಾಬಾ ಎಂಬ ಶಿಶುವಿಹಾರದಲ್ಲಿ. ಅಲ್ಲಿನ ಮುಖ್ಯಗುರುಗಳು ಕರಿ ಕನ್ನಡಕ ಹಾಕಿದ ಪರಮ ಸಾಧು ಮನುಷ್ಯ. ಆದರೆ ಅವರ ಮುಖಚಹರೆ ಎಂಥದ್ದೆಂದರೆ ಕಂಡವರೆಲ್ಲ ಗೂಂಡಾ ಎಂದೇ ತಿಳಿದು ಹೆದರುತ್ತಾರೆ. ನಾನೂ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನನ್ನ ಮುಖ ನೋಡಿ ಗೂಂಡಾ ಇರಲಿ, ಬೀದಿನಾಯಿ ಕೂಡ ಹೆದರಿದ್ದಿಲ್ಲ. ಆ ಬಡಪಾಯಿ ಜಪಾನಿ ಹೆಡ್ಮಾಸ್ತರರ ಮೇಲೆ ಒಂದಿಷ್ಟು ಅಸೂಯೆಯೇ ಆಯಿತು.

ಈ ಹುಡುಗನನ್ನು ಯೊಶಿತೊ ಉಸುಯಿ ಎಂಬವರು 1990ರಲ್ಲಿ ಪತ್ರಿಕೆಯ ಚಿತ್ರಕಥೆಯಾಗಿ ಹುಟ್ಟಿಸಿದರು. 1992ರಲ್ಲಿ ಅವನು ಜಪಾನಿನ ಟೀವಿಗೆ ಬಂದ, 2006ರಲ್ಲಿ ಹಂಗಾಮಾ ಚಾನೆಲ್ಲಿನ ಮೂಲಕ ನಮ್ಮ ದೇಶಕ್ಕೆ ಕಾಲಿಟ್ಟ. ಬಂದ ಎರಡೇ ವರ್ಷಕ್ಕೆ ಸರ್ಕಾರದ ಕೆಂಗಣ್ಣಿಗೆ ಬಿದ್ದು ಕೆಲಕಾಲ ಮಾಯವಾದ, ಆಮೇಲೆ ಕತ್ತರಿ ಆಡಿಸಿಕೊಂಡು ಮರಳಿದ. ಮೂಲದಲ್ಲಿ ಇವನು ದೊಡ್ಡವರಿಗೆಂದು ಬರೆದ ಪೋರ. ಅದು ಗೊತ್ತಾದ ಮೇಲೆ ಕತ್ತರಿಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಅವನ ಹಿಂದಿಯ ಬಗ್ಗೆ. ಡಬ್ಬಿಂಗ್ ಬೇಡವೆಂದು ಕನ್ನಡ ಚಿತ್ರರಂಗ ದಶಕಗಳ ಕಾಲ ಬಾಗಿಲು ಭದ್ರಮಾಡಿ ಕುಳಿತಿತ್ತು. ಹಾಗೆ ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. ಅಷ್ಟರಲ್ಲಿ ಜಪಾನಿನ ಪೋರ ಹಿತ್ತಲ ಬಾಗಿಲಿಂದ ಬಂದು ನಮ್ಮ ಮಕ್ಕಳಿಗೆ ಹಿಂದಿಯಲ್ಲಿ ಜಗಳವಾಡುವುದನ್ನು ಕಲಿಸಿಯೂ ಆಗಿತ್ತು. ನಮ್ಮವರಿಬ್ಬರು ಹಸಿವಾದಾಗ ಕನ್ನಡದಲ್ಲಿ ಅಳುತ್ತಾರೆ, ರಿಮೋಟಿಗಾಗಿ ಹಿಂದಿಯಲ್ಲಿ ಬಡಿದಾಡುತ್ತಾರೆ.

ನನಗೆ ಶಿನ್‌ಚಾನ್ ಹಿಡಿಸಿದ್ದು ಅವನ ತಂಗಿ ಕಾಣಿಸಿಕೊಂಡ ಮೇಲೆ. ಹೆಸರು ಹಿಮಾವಾರಿ, ಇನ್ನೂ ಅಂಬೆಗಾಲಿಡುವ ಕೂಸು. ಮಾತು ಬಾರದು. ಬಂಗಾರ, ಹರಳು ಏನು ಹೊಳೆದರೂ ಅದರ ಕಡೆಗೆ ಗಾಡಿ ಬಿಟ್ಟಂತೆ ಹರಿದುಬರುತ್ತಾಳೆ. ಚಂದದ ಗಂಡಸರನ್ನು ಕಂಡರೆ ಕೈಚಾಚುತ್ತಾಳೆ, ಅಪ್ಪ ಎತ್ತಿಕೊಂಡರೆ ಮುಖ ತಿರುವುತ್ತಾಳೆ. ಅಲ್ಲಿಯವರೆಗೆ ಊರನ್ನೆಲ್ಲ ಕಾಡಿದ ಅಣ್ಣ ಈಗ ತಂಗಿಯ ಕೈಗೆ ಸಿಕ್ಕು ಒದ್ದಾಡುತ್ತಾನೆ. ತುಂಟನೊಬ್ಬನ ಕಥೆ ಬೇಗ ಬೇಸರ ತರಿಸುತ್ತದೆ. ಅವನಿಗಿಂತ ಸಣ್ಣ ತುಂಟಿಯೊಬ್ಬಳು ಮನೆಗೆ ಬಂದಾಗಲೇ ಅದಕ್ಕೆ ಖಾರ ಹತ್ತುವುದು.

ಇದನ್ನು ಬಾದಾಮಿಯವನಾಗಿ ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಪುರಾಣದ ಅತಿ ಕುಖ್ಯಾತ ಅಣ್ಣತಮ್ಮ ನಮ್ಮೂರಿನವರು. ಇಲ್ವಲ, ವಾತಾಪಿ ಎಂಬ ಆ ರಾಕ್ಷಸರ ಆಟ ಗೊತ್ತಿರುವುದೇ. ತಮ್ಮ ಟಗರಾಗುತ್ತಿದ್ದ, ಅಣ್ಣ ಕೊಯ್ದು ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ, ಉಂಡಾದ ಮೇಲೆ ‘ವಾತಾಪಿ, ಹೊರಗೆ ಬಾ’ ಎಂದು ಕೂಗುತ್ತಿದ್ದ. ತಮ್ಮ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಕೊನೆಗೆ ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡು ಜೀರ್ಣವಾಗು ಅಂದರು, ಮುಗಿಯಿತು. ಕೂಸಿಗೆ ಉಣಿಸಿ ಹೊಟ್ಟೆ ತಟ್ಟುತ್ತ ‘ವಾತಾಪಿ ಜೀರ್ಣೋಭವ’ ಅನ್ನುವ ಅಜ್ಜಿಯರು ಇಂದಿಗೂ ಇದ್ದಾರೆ. ನಮ್ಮ ಕೆರೆಗೆ ಅಗಸ್ತ್ಯತೀರ್ಥ ಎಂಬ ಹೆಸರು ನಿಂತಿತು, ಊರಿನ ಹಳೆಯ ಹೆಸರು ಮಾತ್ರ ಉಣಿಸಾಗಿ ಹೋದ ತಮ್ಮನದು. ನಾನು ಈ ಕಥೆಯಲ್ಲಿ ಗಮನಿಸಿದ್ದು ಇಷ್ಟು: ಯೋಜನೆ ಹಾಕಿದವನು ಅಣ್ಣ, ಕೂಗು ಹಾಕಿದವನೂ ಅಣ್ಣ, ಪ್ರತಿ ಸಲ ಹೊಟ್ಟೆಯೊಳಗೆ ಹೋದವನು ತಮ್ಮ. ಒಡಹುಟ್ಟಿದವರಿರುವ ಯಾವ ಮನೆಯಲ್ಲಾದರೂ ವಿಚಾರಿಸಿ ನೋಡಿ, ಕೆಲಸದ ಹಂಚಿಕೆ ಹೀಗೇ ಇರುತ್ತದೆ.

ಟೀವಿ ಕೊಂಚ ಬಿಡಿಸೋಣವೆಂದು ಈ ಕಥೆಯನ್ನು ಮಕ್ಕಳಿಗೂ ಹೇಳಿದೆ. ಮೊಮ್ಮಗ ಕೇಳಿ ಸುಮ್ಮನಾದ. ಮೊಮ್ಮಗಳು ಸುಮ್ಮನಾಗಲಿಲ್ಲ. ಮರುದಿನ ಊಟಕ್ಕೆ ಬೀಗರು ಬಂದಿದ್ದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಮುಗಿಸಿ ಅವರು ಗೋಡೆಗೆ ಒರಗುವಷ್ಟರಲ್ಲಿ ಈಕೆ ಹೋಗಿ ಅವರ ಹೊಟ್ಟೆಗೆ ಬೆರಳು ಚುಚ್ಚಿ, ‘ವಾತಾಪೀ, ಹೊರಗ ಬಾ!’ ಎಂದು ಕೂಗಿದಳು. ಬೀಗರು ದೊಡ್ಡ ಮನುಷ್ಯರು, ನಕ್ಕರು. ಆದರೆ ಆಮೇಲೆ ಮೊಸರನ್ನ ಬೇಡವೆಂದರು.

ನಮ್ಮ ಚಾಲುಕ್ಯರೂ ಅಣ್ಣತಮ್ಮಂದಿರ ವಿಷಯದಲ್ಲಿ ಕಡಿಮೆಯವರಲ್ಲ. ನಮ್ಮೂರಿನ ಮೂರನೇ ಗುಹೆಯ ಶಾಸನವನ್ನೇ ನೋಡಿ. ಶಕವರ್ಷ 500, ಅಂದರೆ ಕ್ರಿ.ಶ. 578ರಲ್ಲಿ ಮಂಗಲೇಶ ಆ ವಿಷ್ಣುಗೃಹವನ್ನು ಮಾಡಿಸಿ, ಅದರ ಪುಣ್ಯವನ್ನೆಲ್ಲ ಅಣ್ಣ ಕೀರ್ತಿವರ್ಮನಿಗೆ ಬಿಟ್ಟುಕೊಟ್ಟ. ಇಷ್ಟು ಒಳ್ಳೆಯ ತಮ್ಮ ಯಾರ ಮನೆಯಲ್ಲಿದ್ದಾನೆ? ಅಣ್ಣ ತೀರಿಕೊಂಡ ಮೇಲೆ ಸಿಂಹಾಸನವನ್ನು ಅಣ್ಣನ ಮಗನಿಗೆ ಬಿಟ್ಟುಕೊಡುವ ಮಾತು ಬಂದಾಗ ಮಾತ್ರ ಅವನ ಕೈ ಹಿಂದೆ ಸರಿಯಿತು. ಕೊನೆಗೆ ಇಮ್ಮಡಿ ಪುಲಕೇಶಿ ಚಿಕ್ಕಪ್ಪನೊಡನೆ ಕಾದಾಡಿಯೇ ಪಟ್ಟ ಏರಬೇಕಾಯಿತು. ಪುಣ್ಯ ಹಂಚಿಕೊಳ್ಳಬಹುದು, ರಿಮೋಟ್ ಹಂಚಿಕೊಳ್ಳಲಾಗದು.

ಒಂದು ಮಧ್ಯಾಹ್ನ ಶಿನ್‌ಚಾನ್ ಅಂಗಡಿಯಲ್ಲಿ ಅಮ್ಮ ಮಿಸಾಯೆಯ ಮಾನ ಹರಾಜು ಹಾಕುತ್ತಿರುವಾಗಲೇ ಪರದೆ ನೀಲಿಯಾಯಿತು. ಮಾಳಿಗೆ ಹತ್ತಿ ನೋಡಿದರೆ ದೊಡ್ಡ ಮಂಗವೊಂದು ಡಿಶ್ಶಿನ ಮೇಲೆ ಕುಳಿತಿದೆ, ಮರಿಯೊಂದು ಅದರ ವಾಯರಿಗೆ ಜೋತುಬಿದ್ದಿದೆ. ‘ಹಚಾ’ ಅಂದರೆ ನನಗೇ ಹಲ್ಲು ತೋರಿಸಿತು. ಕೆಳಗಿನಿಂದ ಮೊಮ್ಮಗ ಕೂಗಿದ: ‘ಅಜ್ಜಾ, ಅದಕ್ಕ ಬೈಯಬ್ಯಾಡ, ಅದರ ತಂಗಿ ಆಡಾಕತ್ತೈತಿ!’ ಮಂಗದ ಮರಿಯನ್ನೂ ತಂಗಿ ಎಂದು ಗುರುತಿಸುವಷ್ಟು ಅವನು ಈ ವಿಷಯದಲ್ಲಿ ನೊಂದಿದ್ದ.

ಟೀವಿ ಸರಿಹೋಗುವ ಲಕ್ಷಣ ಕಾಣದೆ, ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರನ್ನೂ ಮೇಣಬಸದಿಯ ಗುಹೆಗಳಿಗೆ ಕರೆದುಕೊಂಡು ಹೋದೆ. ಪ್ರವಾಸಿಗರೆಲ್ಲ ಒಂದನೇ ಗುಹೆಯ ಹದಿನೆಂಟು ತೋಳಿನ ನಟರಾಜನ ಮುಂದೆ ಕೈಗಳನ್ನು ಎಣಿಸುತ್ತ ನಿಂತಿದ್ದರು. ನಮ್ಮವರ ಕಣ್ಣು ಅಷ್ಟು ಎತ್ತರಕ್ಕೆ ಹೋಗಲಿಲ್ಲ, ಜಗಲಿಯ ಬುಡದಲ್ಲಿ ನಿಂತಿತು. ಅಲ್ಲಿ ಸಾಲಾಗಿ ಗಣಗಳಿವೆ: ಡೊಳ್ಳುಹೊಟ್ಟೆ, ಗಿಡ್ಡ ಕಾಲು, ಉಬ್ಬಿದ ಕೆನ್ನೆ. ಒಬ್ಬ ಕುಣಿಯುತ್ತಾನೆ, ಒಬ್ಬ ಬಾರಿಸುತ್ತಾನೆ, ಒಬ್ಬ ಸೊಂಟ ತಿರುವಿ ನಿಂತಿದ್ದಾನೆ.

‘ಅಜ್ಜಾ, ಶಿನ್‌ಚಾನ್!’ ಅಂದಳು ಮೊಮ್ಮಗಳು.

ಬೈಯೋಣವೆಂದು ಬಗ್ಗಿ ನೋಡಿದೆ. ಆ ಸೊಂಟದ ಭಂಗಿ ನಿಜಕ್ಕೂ ಅವನದೇ. ಸಾವಿರದ ನಾನೂರು ವರ್ಷದ ಹಿಂದೆ ಈ ಬಂಡೆ ಕಡಿದ ಕಲ್ಲುಕುಟಿಗನ ಮನೆಯಲ್ಲೂ ಹೀಗೆ ಕುಣಿಯುವ ಮಗುವೊಂದು ಇದ್ದಿರಬೇಕು. ಮೇಲೆ ದೇವರನ್ನು ಶಾಸ್ತ್ರದ ಅಳತೆಗೆ ಕಡೆದವನು ಬುಡದಲ್ಲಿ ತನ್ನ ಮನೆಯವರನ್ನು ಕೂರಿಸಿಬಿಟ್ಟ ಎಂದೇ ನನ್ನ ನಂಬಿಕೆ. ಇತಿಹಾಸದ ಪ್ರಾಧ್ಯಾಪಕರು ಒಪ್ಪುವುದು ಬೇಡ. ಅದೇ ಗುಹೆಯ ದ್ವಾರಪಾಲಕನ ಕೆಳಗೆ ಎತ್ತು, ಆನೆ ಎರಡಕ್ಕೂ ಸೇರಿ ಒಂದೇ ತಲೆ ಕಡೆದ ಕಿಲಾಡಿಯೂ ಇದ್ದಾನೆ. ಎಡದಿಂದ ನೋಡಿದರೆ ಒಂದು, ಬಲದಿಂದ ನೋಡಿದರೆ ಇನ್ನೊಂದು. ಅದು ಎತ್ತೆಂದು ಅಣ್ಣ, ಆನೆಯೆಂದು ತಂಗಿ, ಮೆಟ್ಟಿಲು ಇಳಿಯುವವರೆಗೂ ಜಗಳ ನಡೆಯಿತು.

ಈಗ ನಮ್ಮ ಮನೆಯಲ್ಲಿ ಡಬ್ಬು ಮೆಣಸಿನಕಾಯಿ ಯಾರೂ ತಿನ್ನುವುದಿಲ್ಲ, ಶಿನ್‌ಚಾನ್‌ಗೆ ಅದು ಸೇರುವುದಿಲ್ಲವಾದ್ದರಿಂದ. ನನ್ನ ಹೆಂಡತಿ ಮೊದಮೊದಲು ಅವನ ಹೆಸರೆತ್ತಿದರೆ ಸಿಡುಕುತ್ತಿದ್ದವಳು, ಮಿಸಾಯೆ ಅವನ ತಲೆಯ ಎರಡೂ ಬದಿಗೆ ಮುಷ್ಟಿ ಒತ್ತಿ ತಿರುವುವುದನ್ನು ಕಂಡ ದಿನದಿಂದ ತಾನೂ ನೋಡತೊಡಗಿದಳು. ‘ಹಂಗ ತಿರುವಬೇಕು ನೋಡ್ರಿ’ ಎಂದು ನನಗೇ ಹೇಳುತ್ತಾಳೆ. ಮೊನ್ನೆ ಶಿನ್‌ಚಾನ್‌ನ ಅಜ್ಜ ಗಿನ್ನೊಸುಕೆ ಅಕಿತಾದಿಂದ ಬಂದಿದ್ದ. ಮೊಮ್ಮಗನಿಗಿಂತ ಒಂದು ಕೈ ಮೇಲು, ಬಂದವನೇ ಅವನ ಜೊತೆ ಸೇರಿ ಕುಣಿಯಲು ಶುರುಮಾಡಿದ. ಅವಳು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

‘ಮಕ್ಕಳಿಗೆ ಸುಮ್ನ ಬೈತಿದ್ನ್ಯಲ್ರಿ. ಬೇರು ಇಲ್ಲೈತಿ.’

ನಾನು ಗಿನ್ನೊಸುಕೆಯ ಪರವಾಗಿ ಎರಡು ಮಾತು ಹೇಳಹೊರಟೆ. ಮೂವರೂ ಒಟ್ಟಿಗೆ ‘ಶ್’ ಅಂದರು, ಜಾಹೀರಾತು ಮುಗಿದಿತ್ತು.