ಸಿಡಿ ಇಳಿಸುವ ಭಾವ

ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಮನೆ ಕಟ್ಟಲು ಹೊರಟು, ಯಾವ ಸಿಮೆಂಟು ಒಳ್ಳೆಯದೆಂದು ವರ್ಷಗಟ್ಟಲೆ ವಿಚಾರಿಸಿ, ಕೊನೆಗೆ ಬಾಡಿಗೆ ಮನೆಯಲ್ಲೇ ಉಳಿದುಬಿಡುವವರು. ಮಗಳ ಮದುವೆಯಲ್ಲಿ ಗಂಡಿನ ಮುಖಕ್ಕಿಂತ ಛತ್ರದ ಮೈಕ್‌ಸೆಟ್ಟನ್ನು ಹೆಚ್ಚು ಹೊತ್ತು ನೋಡುವವರು. ಈ ಪಂಗಡದವರೆಲ್ಲ ಈಗ ಹಾಡಿನ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿದಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಿಗೆ ಬೇಕಾದರೂ ಹೋಗಿ, ಬೀರುವಿನ ಮೇಲೆ ರಟ್ಟಿನ ಪೆಟ್ಟಿಗೆ ತುಂಬ ಸಿಡಿ, ಬೀರುವಿನ ಕೆಳಗೆ ಅವನ್ನು ‘ಒಳ್ಳೇ ಕ್ವಾಲಿಟೀಲಿ’ ಇಳಿಸಬೇಕೆಂದು ಕೂತ ಒಬ್ಬ ನಿವೃತ್ತರು ಸಿಗುತ್ತಾರೆ. ಪಂಗಡ ಅಂತೆಲ್ಲ ಅಂದೆ, ಆದರೆ ನನ್ನ ಕಣ್ಣ ಮುಂದಿರುವವರು ಒಬ್ಬರೇ, ಚನ್ನಪಟ್ಟಣದ ನಮ್ಮ ಭಾವ.

ಭಾವ ರೇಷ್ಮೆ ಇಲಾಖೆಯಲ್ಲಿದ್ದವರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟು ಲಾಟಾಗಿ ಸುರಿದ ಗೂಡಿಗೆ ಕೈಯಿಟ್ಟು ತೂಗಿ ನೋಡಿದ ಜೀವ. ಅಲ್ಲಿ ಕಲಿತ ಸಂಶಯ ಅವರನ್ನು ಬಿಟ್ಟಿಲ್ಲ. ಅಂಗಡಿಯ ಟೊಮೇಟೊವನ್ನೂ ಅಲ್ಲಾಡಿಸಿ ಕಿವಿಗಿಟ್ಟು ನೋಡುತ್ತಾರೆ. ನನ್ನ ಕಾರಿನಲ್ಲಿ ಕೂತರೆ ಸೀಟ್ ಬೆಲ್ಟಿಗಿಂತ ಮೊದಲು ಕೇಳುವುದು, “ಪೆನ್‌ಡ್ರೈವಲ್ಲಿರೋದು ಎಂಪಿತ್ರೀನಾ?” ಹೌದೆಂದರೆ ಬಿಡದಿ ದಾಟುವವರೆಗೂ ಮಾತಿಲ್ಲ. ಸಿಡಿ ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುವಿ ಒರೆಸಬಾರದು. ಇದನ್ನು ಅವರಿಂದ ಕಲಿಯದ ನೆಂಟರಿಲ್ಲ. ಅಕ್ಕ ಮಾತ್ರ ಕಲಿತಿಲ್ಲ. “ಸೀರೆ ಸೆರಗು ಯಾವ ಕಡೆಗೆ ಹೋಗ್ತದೋ ಆ ಕಡೆಗೆ ಒರೆಸ್ತೀನಿ,” ಎನ್ನುತ್ತಾಳೆ.

ಯಾವ ಸಾಫ್ಟ್‌ವೇರು ಎಂಬ ಪ್ರಶ್ನೆಗೆ ಭಾವ ಒಂದು ಹಳೆಯ ಲೆಡ್ಜರನ್ನೇ ಮೀಸಲಿಟ್ಟಿದ್ದರು. ಗೆರೆ ಎಳೆದ ಕಾಲಂಗಳು, ಷರಾ ಬರೆಯಲು ಜಾಗ. ಮೊದಲ ಸಾಲಿನಲ್ಲಿ ವಿಂಡೋಸ್ ಜೊತೆಗೇ ಬರುವ ಮೀಡಿಯಾ ಪ್ಲೇಯರ್. ಡಿಸ್ಕು ಹಾಕಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತಿಗೆ ಹಾಡೆಲ್ಲ ಒಳಗೆ. ನನ್ನಂಥವನಿಗೆ ಅಲ್ಲಿಗೆ ಲೆಡ್ಜರು ಮುಗಿಯುತ್ತಿತ್ತು. ಭಾವನವರ ಷರಾ: “ತಪ್ಪಿದ್ದರೂ ಹೇಳುವುದಿಲ್ಲ.” ಅವರ ಅನುಮಾನಕ್ಕೆ ಆಧಾರವಿದೆ. ಕಂಪ್ಯೂಟರ್ ಫೈಲುಗಳಿರುವ ಸಿಡಿಯಲ್ಲಿ ತಪ್ಪು ತಿದ್ದಲು ಹೆಚ್ಚಿನ ಒಂದು ಪದರ ಇರುತ್ತದೆ, ಹಾಡಿನ ಸಿಡಿಯಲ್ಲಿ ಆ ಪದರ ಇಲ್ಲ. ಗೀರು ಜೋರಾಗಿದ್ದು ಮಾಹಿತಿ ಸಿಗದೆ ಹೋದರೆ ಯಂತ್ರ ಹಿಂದುಮುಂದಿನ ಸದ್ದು ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬಿಕೊಂಡು ಮುಂದಕ್ಕೆ ಹೋಗುತ್ತದೆ. ಅಂದಾಜು ಎಂದರೆ ಭಾವನವರಿಗೆ ಆಗುವುದಿಲ್ಲ.

ಎರಡನೆಯ ಸಾಲಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ. ಆಂಡ್ರೆ ವೀಟ್‌ಹಾಫ್ ಎಂಬ ಜರ್ಮನ್ ತೊಂಬತ್ತರ ದಶಕದ ಕೊನೆಗೆ ಬರೆದು, ಸ್ವಂತ ಬಳಕೆಗೆ ಎಲ್ಲರಿಗೂ ಪುಕ್ಕಟೆ ಬಿಟ್ಟದ್ದು. ಇದು ಪ್ರತಿಯೊಂದು ತುಣುಕನ್ನೂ ಸಾಮಾನ್ಯವಾಗಿ ಎರಡು ಸಲ ಓದಿ ಹೋಲಿಸುತ್ತದೆ. ಹೊಂದದಿದ್ದರೆ ಮತ್ತೆ ಓದುತ್ತದೆ, ಮತ್ತೆ ಓದುತ್ತದೆ, ತೀರಾ ಕೆಟ್ಟ ಜಾಗವಾದರೆ 82 ಸಲದವರೆಗೂ ಓದುತ್ತದೆ. ಈ ಸಂಗತಿ ತಿಳಿದ ದಿನ ಭಾವನವರ ಮುಖದಲ್ಲಿ ಕಳೆದುಹೋದ ಅಣ್ಣತಮ್ಮ ಸಿಕ್ಕಿದಷ್ಟು ಸಂತೋಷ. ಮೂರನೆಯದು ಡಿಬಿ ಪವರ್‌ಆಂಪ್. ಸಲೀಸು, ಚುರುಕು, ಆದರೆ ದುಡ್ಡು ಕೊಡಬೇಕು. ಲಿನಕ್ಸ್ ಇಟ್ಟುಕೊಂಡಿರುವ ಮಗಳು ಸಿಡಿಪ್ಯಾರನೋಯಾ ಎಂದಳು, ಅವಳ ಗಂಡ ತನ್ನ ಮ್ಯಾಕಿನಲ್ಲಿ ಎಕ್ಸ್‌ಎಲ್‌ಡಿ ಇದೆ ಎಂದ. ಎರಡಕ್ಕೂ ಕಾಲಂ ಸಿಕ್ಕಿತು. ಜರ್ಮನ್ನನೇ ಗೆದ್ದ.

ಗೆದ್ದ ಮೇಲಾದರೂ ಕೆಲಸ ಶುರುವಾಗಬೇಕಲ್ಲ? ಇಲ್ಲ. ಒಂದೊಂದು ಡ್ರೈವೂ ಹಾಡನ್ನು ಒಂದಿಷ್ಟು ಹಿಂದೆ ಇಲ್ಲವೇ ಮುಂದೆ ಶುರುಮಾಡುತ್ತದಂತೆ, ಆ ವ್ಯತ್ಯಾಸವನ್ನು ಸರಿಪಡಿಸಬೇಕಂತೆ. ಎಸ್.ಪಿ. ರಸ್ತೆಯಿಂದ ತಂದ ಭಾವನವರ ಡ್ರೈವಿನ ವ್ಯತ್ಯಾಸ ಆರು ಸ್ಯಾಂಪಲ್. ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುತ್ತವೆ, ಅಂದರೆ ಆರು ಸ್ಯಾಂಪಲ್ ಎಂದರೆ ಸೆಕೆಂಡಿನ 7,350ರಲ್ಲಿ ಒಂದು ಪಾಲು. ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದರೆ ಸಂಜೆ ಕಾಫಿಗೆ ಬರುವ ಮನುಷ್ಯ ಈ ಒಂದು ಪಾಲಿಗಾಗಿ ಇಡೀ ಆಷಾಢ ಕಳೆದರು.

“ಇಷ್ಟೆಲ್ಲ ಯಾಕೆ ಭಾವ? ನನಗಂತೂ ಎಂಪಿತ್ರೀಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ.”

“ನೀನು ಕಾಫಿಗೂ ಚಿಕೋರಿಗೂ ವ್ಯತ್ಯಾಸ ಹೇಳಲ್ಲ ಕಣಯ್ಯ,” ಎಂದು ಲೆಡ್ಜರು ಮುಚ್ಚಿದರು. ಆಮೇಲೆ ಪಾಪ ಅನಿಸಿರಬೇಕು, ಬಿಡಿಸಿ ಹೇಳಿದರು. “ಗೂಡಿಂದ ನೂಲು ತೆಗೆದ ಹಾಗೆ ಇದು. ಒಳ್ಳೇ ಬೈವೋಲ್ಟೀನ್ ಗೂಡು ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರ್ ಎಳೆ. ಈ ಸಿಡಿಯೊಳಗಿನ ಸುರುಳಿ ಬಿಚ್ಚಿದರೆ ಐದು ಕಿಲೋಮೀಟರ್ ಮೇಲೆ. ಎಂಪಿತ್ರೀ ಮಾಡುವವನು ನಿನಗೆ ಕಾಣಲ್ಲ ಅಂತ ಅಲ್ಲಲ್ಲಿ ಕತ್ತರಿಸಿ ಎಸೀತಾನೆ. ಫ್ಲಾಕ್ ಮಾಡುವವನು ಇಡೀ ಎಳೇನ ಒತ್ತಿ ಸುತ್ತಿ ಇಡ್ತಾನೆ. ಜಾಗ ಸರಿಸುಮಾರು ಅರ್ಧಕ್ಕಿಳೀತದೆ, ಬಿಚ್ಚಿದರೆ ಒಂದಿಂಚೂ ಕಮ್ಮಿ ಇಲ್ಲ.” 2001ರಲ್ಲಿ ಬಂದ ಈ ಫ್ಲಾಕ್‌ನ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಇಂಥ ಹೊತ್ತಿನಲ್ಲಿ ಅವರನ್ನು ಬೈಯುವ ಮನಸ್ಸಾಗುವುದಿಲ್ಲ.

ಆದರೆ ಆ ಹೊತ್ತು ಬಹಳ ಉಳಿಯುವುದಿಲ್ಲ. ಮಾಗಡಿಯ ನನ್ನ ಸ್ನೇಹಿತನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ‘ನೂರು ಹಾಡು ಒಂದೇ ಡಿಸ್ಕು’ ಬಗೆಯ ಸಿಡಿಯನ್ನು ಫ್ಲಾಕ್ ಮಾಡಿಕೊಂಡು ಹೆಮ್ಮೆಯಿಂದ ತಂದ. ಭಾವ ಅದನ್ನು ತೆರೆದು, ಸದ್ದಿನ ಚಿತ್ರ ತೋರಿಸುವ ಇನ್ನೊಂದು ಸಾಫ್ಟ್‌ವೇರಿಗೆ ಹಾಕಿದರು. ಹದಿನಾರು ಕಿಲೋಹರ್ಟ್ಸಿನ ಮೇಲೆ ಕತ್ತರಿ ಆಡಿಸಿದಂತೆ ಎಲ್ಲ ಖಾಲಿ. ಒಮ್ಮೆ ಎಂಪಿತ್ರೀ ಆದದ್ದು ಎಂಪಿತ್ರೀಯೇ, ಆಮೇಲೆ ಫ್ಲಾಕ್ ಮಾಡಿದರೆ ಜಾಗ ಹೆಚ್ಚು ತಿನ್ನುತ್ತದೆ, ಅಷ್ಟೆ. ಸ್ನೇಹಿತ ಪೆಚ್ಚಾದ. ಅವನ ಪರವಾಗಿ ನಾನು ಬಾಯಿ ಹಾಕಿದೆ. ಅರವತ್ತು ದಾಟಿದ ಕಿವಿಗೆ ಹನ್ನೆರಡು ಹದಿಮೂರು ಕಿಲೋಹರ್ಟ್ಸಿನ ಮೇಲಿನದು ಕೇಳಿಸುವುದೇ ಅಪರೂಪ ಭಾವ, ನೀವು ಯಾರಿಗಾಗಿ ಉಳಿಸುತ್ತಿದ್ದೀರಿ?

“ನನಗೆ ಕೇಳದಿದ್ದರೇನಯ್ಯ,” ಎಂದರು, “ಅದು ಅಲ್ಲಿ ಇದೆಯಲ್ಲ.”

ಹೆಸರು ಬರೆಯುವ ಗೋಳು ಬೇರೆ. ಇಂಗ್ಲಿಷ್ ಸಿಡಿ ಹಾಕಿದರೆ ಇಂಟರ್ನೆಟ್ಟಿನಿಂದ ಹಾಡುಗಳ ಹೆಸರು ತಾನಾಗಿ ಬಂದು ಕೂರುತ್ತವೆ. ನಮ್ಮ ಭಾವಗೀತೆಯ ಸಿಡಿಗೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ಎಲ್ಲವನ್ನೂ ಭಾವ ಒಂದೇ ಬೆರಳಿನಲ್ಲಿ ಟೈಪು ಮಾಡಿದರು. ಸಿ. ಅಶ್ವಥ್ ಅವರನ್ನು ಒಂದು ಕಡೆ ಅಶ್ವತ್ಥ್, ಇನ್ನೊಂದು ಕಡೆ ಅಶ್ವತ್ ಎಂದು ಬರೆದದ್ದಕ್ಕೆ ಕಂಪ್ಯೂಟರು ಒಬ್ಬ ಗಾಯಕರನ್ನು ಮೂವರು ಮಾಡಿತು. ಜಾನಪದದ ಸಿಡಿಗಳಿಗೆ ಜಿಲ್ಲೆಯ ಹೆಸರನ್ನೂ ಹಾಕಿದ್ದರು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಗ ಊರೆಲ್ಲ ರಾಜಕೀಯ ಮಾತಾಡುತ್ತಿದ್ದರೆ, ಭಾವ ಫೋನ್ ಮಾಡಿ ಕೇಳಿದ್ದು ಇಷ್ಟೇ: “ಟ್ಯಾಗ್ ಬದಲಾಯಿಸಬೇಕೇನಯ್ಯ?”

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ನನ್ನನ್ನು ನಿಜವಾಗಿ ಅರೆದದ್ದು ಅಕ್ಯುರೇಟ್‌ರಿಪ್. ಇದು ಇಂಟರ್ನೆಟ್ಟಿನ ಮೇಲಿರುವ ಒಂದು ದೊಡ್ಡ ದಾಖಲೆ. ಲೋಕದಲ್ಲಿ ಯಾರು ಯಾವ ಸಿಡಿ ಇಳಿಸಿದರೂ, ಅವರು ಕಳಿಸಿಕೊಟ್ಟರೆ, ಒಂದೊಂದು ಹಾಡಿಗೂ ಲೆಕ್ಕಹಾಕಿದ ಒಂದು ಸಂಕೇತ ಅಲ್ಲಿ ಸೇರುತ್ತದೆ. ನಿಮ್ಮ ಪ್ರತಿಯ ಸಂಕೇತವೂ ಅವರದೂ ಒಂದೇ ಆದರೆ ನಿಮ್ಮದು ಶುದ್ಧ ಎಂದು ನಂಬಬಹುದು. ಎಷ್ಟು ಜನರದು ಹೊಂದಿತು ಎಂಬ ಅಂಕಿಯನ್ನೂ ತೋರಿಸುತ್ತದೆ. ಭಾವನವರ ಶೋಲೆ ಸಿಡಿ ಹಾಕಿದ ಕೂಡಲೆ ಹೊಂದಿತು. ನಮ್ಮ ರಾಮದೇವರ ಬೆಟ್ಟದಲ್ಲಿ ತೆಗೆದು 1975ರಲ್ಲಿ ತೆರೆಕಂಡ ಸಿನಿಮಾದ ಹಾಡನ್ನು ಎಲ್ಲೆಲ್ಲಿಯದೋ ಮಂದಿ ಇಳಿಸಿಟ್ಟಿದ್ದಾರೆ ಎಂದು ಭಾವ ಗಬ್ಬರನ ಸ್ವಂತ ಊರಿನವರಂತೆ ಬೀಗಿದರು.

ಮಾರನೆಯ ದಿನ ಮಾದಪ್ಪನ ಹಾಡಿನ ಸಿಡಿ ಹಾಕಿದರು. ದಾಖಲೆಯಲ್ಲಿ ಇಲ್ಲ ಎಂದಿತು.

ಅದು ಮಲೆ ಮಹದೇಶ್ವರ ಬೆಟ್ಟದಲ್ಲಿ ಕೊಂಡ ಡಿಸ್ಕು. ಶಿವರಾತ್ರಿಯ ಹೊತ್ತಿಗೆ ನಮ್ಮ ಕಡೆಯ ಜನ ಕನಕಪುರ, ಸಾತನೂರು ಹಾದು ಸಂಗಮದಲ್ಲಿ ಕಾವೇರಿ ದಾಟಿ ಕಾಡಿನಲ್ಲಿ ನಡೆದು ಬೆಟ್ಟಕ್ಕೆ ಹೋಗುತ್ತಾರೆ. ಭಾವನವರ ತಂದೆಯೂ ಹಾಗೆ ನಡೆಯುತ್ತಿದ್ದವರು. ಮೊಣಕಾಲು ಸೋತ ವರ್ಷ ಮಗ ಬಸ್ಸಿನಲ್ಲಿ ಹೋಗಿ ಈ ಸಿಡಿ ತಂದುಕೊಟ್ಟ. ಆ ಮುದುಕರು ಜಗಲಿಯಲ್ಲಿ ಕೂತು, ಕಂಸಾಳೆಯ ಏಟಿಗೆ ಸರಿಯಾಗಿ ಬೆರಳಾಡಿಸುತ್ತಿದ್ದುದನ್ನು ನಾನೂ ನೋಡಿದ್ದೇನೆ. ಅವರು ಹೋದ ಮೇಲೆ ಸಿಡಿ ಬೀರುವಿನ ಮೇಲಕ್ಕೆ ಹೋಯಿತು. ಇಷ್ಟು ದೊಡ್ಡ ಲೋಕದಲ್ಲಿ ಆ ಹಾಡನ್ನು ಇಳಿಸಿ ಲೆಕ್ಕ ಕಳಿಸಿದವರು ಇನ್ನೊಬ್ಬರಿಲ್ಲ ಎನ್ನುವುದು ಭಾವನವರಿಗೆ ಅವಮಾನದಂತೆ ತಟ್ಟಿತು. “ನಾವಿಬ್ಬರಾದರೂ ಹೊಂದಬೇಕಲ್ಲಯ್ಯ,” ಎಂದರು. ಎರಡನೆಯವನು ನಾನು ಎಂದು ಅವರೇ ತೀರ್ಮಾನಿಸಿದ್ದರು.

ಹೀಗೆ ಅದೇ ಸಿಡಿಯ ಇನ್ನೊಂದು ಪ್ರತಿಗಾಗಿ ಹುಡುಕಾಟ ಶುರುವಾಯಿತು. ಬೆಟ್ಟದ ಅಂಗಡಿಗಳಲ್ಲಿ ಈಗ ಪೆನ್‌ಡ್ರೈವು. ಜಾನಪದ ಲೋಕದ ಮುಂದೆ ಹಾದುಹೋಗುವಾಗಲೆಲ್ಲ ಭಾವ ಒಳಗೆ ಕೇಳೋಣವೇ ಎನ್ನುತ್ತಿದ್ದರು, ಎಚ್.ಎಲ್. ನಾಗೇಗೌಡರು ಹಾಡಿದವರ ಬಾಯಿಂದಲೇ ಹಾಡು ಕೂಡಿಸಿಟ್ಟ ಜಾಗ, ಅಂಗಡಿ ಸಿಡಿ ಕೇಳುವುದು ಹೇಗೆ ಎಂದು ನಾನೇ ತಡೆದೆ. ಕೊನೆಗೆ ಸಿಕ್ಕಿದ್ದು ಕನಕಪುರದ ಒಂದು ದಿನಸಿ ಅಂಗಡಿಯಲ್ಲಿ. ಸಾಹುಕಾರರು ಬೆಳಗ್ಗೆ ಬಾಗಿಲು ತೆಗೆದ ಕೂಡಲೆ ಹಾಕುವ ಡಿಸ್ಕು, ಮೇಲೆಲ್ಲ ಕುಂಕುಮ, ಎಣ್ಣೆ. ಕೊಡುವುದಿಲ್ಲ ಎಂದರು. ಭಾವ ಲೆಡ್ಜರು ತೆಗೆದು ಅಕ್ಯುರೇಟ್‌ರಿಪ್ ವಿವರಿಸಲು ಶುರುಮಾಡಿದರು. ಬೇಳೆ ಕೊಳ್ಳಲು ನಿಂತವರು ಹೆಚ್ಚುತ್ತಾ ಹೋದರು. ಸಂಜೆಯೊಳಗೆ ತಂದುಕೊಡುವ ಕರಾರಿನ ಮೇಲೆ ಸಾಹುಕಾರರು ಡಿಸ್ಕು ಕೊಟ್ಟು ನಮ್ಮನ್ನು ಸಾಗಹಾಕಿದರು.

ಅದನ್ನು ನಡುವಿನಿಂದ ಅಂಚಿಗೆ ಒರೆಸಿ ರಾಮನಗರದ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದೆವು. ಎಲ್ಲ ಹಾಡೂ ಹೊಂದಿದವು, ಐದನೆಯದೊಂದನ್ನು ಬಿಟ್ಟು. ಎರಡೂ ಪ್ರತಿಗಳ ಐದನೆಯ ಹಾಡನ್ನು ಭಾವ ಕಣ್ಣುಮುಚ್ಚಿ ಕೇಳಿದರು, ಮತ್ತೆ ಕೇಳಿದರು. ಸಾಹುಕಾರರ ಪ್ರತಿಯಲ್ಲಿ ಒಂದು ಕಡೆ ‘ಟಿಣ್’ ಎನ್ನುತ್ತದೆ, ಭಾವನವರದರಲ್ಲಿ ಇಲ್ಲ. ಅವರ ಡಿಸ್ಕಿನ ಗೀರೋ, ಇಲ್ಲಾ ನಿಜವಾದ ಕಂಸಾಳೆಯ ಏಟನ್ನೇ ಇವರ ಡಿಸ್ಕು ನುಂಗಿ ಅಂದಾಜು ತುಂಬಿದೆಯೋ?

“ಅಪ್ಪ ಇದ್ದಿದ್ದರೆ ಬೆರಳಲ್ಲೇ ಹೇಳಿಬಿಡೋರು,” ಎಂದರು ಭಾವ. ನಾನು ಏನೂ ಹೇಳಲಿಲ್ಲ, ನನಗೆ ಆ ಟಿಣ್ಣೇ ಕೇಳಿಸಿರಲಿಲ್ಲ.

ಈಗ ಮೂರನೆಯ ಪ್ರತಿ ಬೇಕಾಗಿದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಬೆಟ್ಟದಲ್ಲಿ ಕೊಂಡ ಮಾದಪ್ಪನ ಸಿಡಿ ಇದ್ದರೆ ಚನ್ನಪಟ್ಟಣಕ್ಕೆ ತನ್ನಿ. ಗೀರಿದ್ದರೂ ಚಿಂತೆಯಿಲ್ಲ ಎಂದು ಬರೆಯುತ್ತಿದ್ದೆ, ಭುಜದ ಮೇಲಿಂದ ಓದುತ್ತಿದ್ದ ಭಾವ ಆ ಮಾತನ್ನು ಹೊಡೆದುಹಾಕಿಸಿದರು.