ಇನ್ನೂ ನೋಡ್ಲತ್ತೀನ್ರಿ

ಶಹಾಪುರದ ನಮ್ಮ ಓಣಿಯ ಮಾಸ್ತರರಿಗೆ ಸೈಕಲ್ ತಗೊಳ್ಳುವ ವಿಚಾರ ಬಂದು ಬರುವ ಸಂಕ್ರಾಂತಿಗೆ ಮೂರು ವರ್ಷ. ಸೈಕಲ್ ಎಲ್ಲಿ ಎಂದು ಕೇಳಿದರೆ ಅವರ ಉತ್ತರ ಒಂದೇ: “ಇನ್ನೂ ನೋಡ್ಲತ್ತೀನ್ರಿ.”

ಶುರುವಾದದ್ದು ಸಕ್ಕರೆಯಿಂದ. ದಿನಾ ಒಂದು ತಾಸು ಮೈ ಬೆವರಬೇಕು ಎಂದರು ಡಾಕ್ಟರು. ನಮ್ಮ ಊರಿನ ಬ್ಯಾಸಿಗಿಯಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕೂತರೂ ಬೆವರು ಬರುತ್ತದಲ್ಲ ಎಂದು ಮಾಸ್ತರರು ವಾದಿಸಿ ನೋಡಿದರು, ನಡೆಯಲಿಲ್ಲ. ಕೊನೆಗೆ ಸೈಕಲ್ಲಿಗೆ ಒಪ್ಪಿದರು. ಅವರ ಪಡಸಾಲೆಯ ಮೂಲೆಯಲ್ಲಿ ತಂದೆಯವರ ಕಾಲದ ಅಟ್ಲಾಸ್ ಸೈಕಲ್ ಇತ್ತು. ಹವಾ ಹೊಡೆದು, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಮುಗೀತು. “ಇದೇ ನಡೀತದಲ್ರಿ ಮಾಸ್ತರ್” ಎಂದೆ. ಬಂಡಿ ಕಟ್ಟಿಕೊಂಡು ಕಾಶಿಗೆ ಹೋಗು ಎಂದವನನ್ನು ನೋಡಿದಂತೆ ನನ್ನನ್ನು ನೋಡಿದರು.

ಅವತ್ತು ರಾತ್ರಿಯೇ ಬ್ಯಾಟರಿ ಹಿಡಿದು ಕೂತು ಹಲ್ಲು ಎಣಿಸಿದರಂತೆ. ಸೈಕಲ್ಲಿನದು. ಮರುದಿನ ಮುಂಜಾನೆ ಚಾ ಕುಡಿಯುವ ಹೊತ್ತಿಗೆ ಲೆಕ್ಕ ತಯಾರಿತ್ತು. “ಮುಂದ 44 ಹಲ್ಲು, ಹಿಂದ 18. ಒಮ್ಮಿ ಪೈಡಲ್ ತಿರುವಿದ್ರ ಗಾಡಿ 5.4 ಮೀಟರ್ ಮುಂದ ಹೋಗಬೇಕು. ಬಯಲಾಗ ಛಲೋ. ಏರಿನ್ಯಾಗ ಮೊಣಕಾಲಿನ ಗತಿ ಏನ್ರಿ? ಅದೇ ಮುಂದ 34, ಹಿಂದ 32 ಇರೋ ರೋಡ್ ಬೈಕ್ ಆದ್ರ ಒಂದ್ ಸುತ್ತಿಗಿ ಎರಡೂಕಾಲು ಮೀಟರ್. ಸಾವಕಾಶ ಹೋಗ್ತದ, ಆದ್ರ ಕೂತೇ ಹತ್ತಬಹುದು.”

ಲೆಕ್ಕ ಸರಿಯಾಗಿಯೇ ಇತ್ತು. ಗಣಿತದ ಮಾಸ್ತರರು. ಮೊದಲ ಸೈಕಲ್ ತಗೊಳ್ಳುವವನು ಕಂಪನಿಯ ಹೆಸರು ನೋಡುವ ಮೊದಲು ಈ ಎರಡು ಅಂಕಿ ನೋಡಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದಲೇ. ಹಿಂದಿನದು ದೊಡ್ಡದಾದಷ್ಟೂ ಏರಿನಲ್ಲಿ ಪುಣ್ಯ. ಎಷ್ಟು ಗೇರ್ ಇವೆ ಎಂಬುದು ಆಮೇಲಿನ ಮಾತು.

ಅಟ್ಲಾಸನ್ನು ಅವರು ಇನ್ನೂ ಒಂದು ರೀತಿಯಲ್ಲಿ ತಳ್ಳಿಹಾಕಿದರು. ಆ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬೀಗ ಹಾಕಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ. “ಇನ್ನ ಅದರ ಸಾಮಾನು ಎಲ್ಲಿ ಸಿಗ್ತದ?” ಎಂದರು. ಅದರ ಚೈನು, ಫ್ರೀವೀಲು ಸಂತೆಯಲ್ಲಿ ಬದನೆಕಾಯಿ ಸಿಕ್ಕಂತೆ ಸಿಗುತ್ತವೆ. ನಾನು ಹೇಳಲಿಲ್ಲ. ನೆಪ ಹುಡುಕುವವನ ದಾರಿಗೆ ಅಡ್ಡ ನಿಲ್ಲಬಾರದು.

ಹಾಗಾದರೆ ಆ ಏರು ಎಲ್ಲಿದೆ? ಇದು ನಾನು ಕೇಳಲೇಬಾರದಿದ್ದ ಪ್ರಶ್ನೆ. ನಮ್ಮ ಕಡೆ ಗುಡ್ಡಗಳಿಗೇನೂ ಬರವಿಲ್ಲ. ಯಾದಗಿರಿಯ ಕೋಟೆ ಗುಡ್ಡ ಊರಿನ ತಲೆಯ ಮೇಲೆಯೇ ಕೂತಿದೆ. ಶಹಾಪುರದಲ್ಲಂತೂ ನಾಲ್ಕು ಗುಡ್ಡ ಸೇರಿ ಬುದ್ಧ ಅಂಗಾತ ಮಲಗಿದ್ದಾನೆ. ಆದರೆ ನಮ್ಮ ಹಿರಿಯರು ಶಾಣ್ಯಾರು. ಗುಡ್ಡವನ್ನು ಗುಡ್ಡದ ಪಾಡಿಗೆ ಬಿಟ್ಟು ದಾರಿಯನ್ನು ಬುಡದಲ್ಲಿ ಬಳಸಿ ತಂದಿದ್ದಾರೆ. ಭೀಮೆಯ ಸೇತುವೆ ದಾಟಿ ಯಾದಗಿರಿಯಿಂದ ಶಹಾಪುರಕ್ಕೆ ಬರುವಾಗ ಎರಡೂ ಕಡೆ ತೊಗರಿ, ಹತ್ತಿ, ನೆಲ್ಲು. ಸೈಕಲ್ಲಿನವನಿಗೆ ಅಲ್ಲಿ ಎದುರಾಳಿ ಎಂದರೆ ಬಿಸಿಲು, ಮುಂಗಾರಿನ ಎದುರುಗಾಳಿ, ಹೇಳದೆ ಕೇಳದೆ ಎದ್ದು ನಿಲ್ಲುವ ಸ್ಪೀಡ್ ಬ್ರೇಕರ್. ಮಾಸ್ತರರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಮೊಬೈಲಿನಲ್ಲಿ ಬುದ್ಧನ ಹೊಟ್ಟೆ ಎಷ್ಟು ಪರ್ಸೆಂಟ್ ಏರು, ಮೂಗು ಎಷ್ಟು ಪರ್ಸೆಂಟ್ ಎಂದು ಲೆಕ್ಕ ಹಾಕುತ್ತಿದ್ದರು. ಮೂಗಿಗೆ ಹಿಂದೆ 34 ಹಲ್ಲಿದ್ದರೂ ಸಾಲದಂತೆ.

“ಅಲ್ಲಿ ರಸ್ತೇನ ಇಲ್ಲಲ್ರಿ.”

“ನಾಳಿ ಮಾಡಿದ್ರ?”

ಬಜೆಟ್ಟಿನ ಕಥೆ ಬೇರೆ. 20 ಸಾವಿರಕ್ಕೆ ಶುರುವಾಯಿತು. ಆ ದುಡ್ಡಿಗೆ ಹ್ಯಾಂಡಲ್ ಬಾಗಿದ ಸೈಕಲ್ ಸಿಕ್ಕರೂ ಗೇರ್ ಕೆಳದರ್ಜೆಯದು, ತೂಕ ಜಾಸ್ತಿ ಎಂದಾಯಿತು. ಇನ್ನೊಂದಿಷ್ಟು ಹಾಕಿದರೆ ಶಿಮಾನೋ ಕ್ಲಾರಿಸ್, ಹಿಂದೆ 8 ಗೇರ್. ಅಷ್ಟಕ್ಕೇ ನಿಂತಿದ್ದರೆ ಇವತ್ತಿಗೆ ಸಕ್ಕರೆ ಇಳಿದಿರುತ್ತಿತ್ತು. ಆದರೆ ಅದರ ಮೇಲೆ ಸೋರಾ ಇತ್ತು, 9 ಗೇರ್. ಅದರ ಮೇಲೆ ಟಿಯಾಗ್ರಾ, 10. ಪ್ರತಿ ಮೆಟ್ಟಿಲಿಗೂ ‘ಇನ್ನೊಂದ್ ಹತ್ತು ಸಾವಿರ ಹಾಕಿದ್ರ’ ಎಂಬ ಮಂತ್ರ. ಅರ್ಧ ಕಿಲೋ ಕಡಿಮೆ ತೂಗುವ ಸೈಕಲ್ಲಿಗಾಗಿ ಮೂವತ್ತು ಸಾವಿರ ಹೆಚ್ಚು ಕೊಡುವ ವಿಚಾರವನ್ನು ಅವರು ನನ್ನ ಮುಂದೆ ಮಂಡಿಸಿದ್ದು ಬಸ್ ಸ್ಟ್ಯಾಂಡಿನ ಹತ್ತಿರ, ಮೂರನೇ ಮಿರ್ಚಿ ಭಜಿ ತಿನ್ನುತ್ತ. ಅವರ ತೂಕ 88 ಕಿಲೋ.

ಸೈಕಲ್ ಬರಲಿಲ್ಲ. ಸೈಕಲ್ಲಿನ ಬಂಧು-ಬಳಗವೆಲ್ಲ ಬಂತು. ಹೆಲ್ಮೆಟ್, ಬೆರಳಿಲ್ಲದ ಗ್ಲೌಸ್, ನೀರಿನ ಬಾಟಲಿ, ಕೂಡ್ರುವ ಕಡೆ ಮೆತ್ತೆ ಹಚ್ಚಿದ ಚಡ್ಡಿ. ಒಮ್ಮೆ ತೊಳೆದು ಹಾಕೋಣ ಎಂದು ಮಾಸ್ತರರು ಅದನ್ನು ಅಂಗಳದ ಹಗ್ಗಕ್ಕೆ ಹಾಕಿದಾಗ ಅವರ ತಾಯಿ ಮುಟ್ಟಿ, ಹಿಚುಕಿ ನೋಡಿ ಕೇಳಿದರಂತೆ: “ಇದ್ಯಾಕೋ ತಮ್ಮಾ, ಚಡ್ಡಿಗಿ ಗಾದಿ ಹೊಲ್ಸೀದಿ?”

ಇವರ ಹಟಕ್ಕೆ ಸರಿಯಾದ ಉತ್ತರ ಕೊಟ್ಟದ್ದು ಪಂಚರ್ ಅಂಗಡಿಯ ಚಾಚಾ. ಮಾಸ್ತರರು 25 ಎಂಎಂ ಟೈರಿನ ಗುಣಗಾನ ಮಾಡುತ್ತಿದ್ದರು. ಚಾಚಾ ಬಾಯಿ ಬಿಚ್ಚದೆ ಒಂದು ಸ್ಕೂಟರಿನ ಟೈರಿನಿಂದ ಇಕ್ಕಳದಲ್ಲಿ ಏನೋ ಎಳೆಯುತ್ತಿದ್ದ. ಕಿತ್ತು ತೆಗೆದು ಮಾಸ್ತರರ ಅಂಗೈ ಮೇಲಿಟ್ಟ. ಜಾಲಿ ಮುಳ್ಳು, ಅರ್ಧ ಬೆರಳುದ್ದ, ತುದಿಗೆ ರಬ್ಬರಿನ ಕಪ್ಪು ಹತ್ತಿತ್ತು. “ಇದು ಎಷ್ಟು ಎಂಎಂ ಅದ ನೋಡ್ರಿ ಮಾಸ್ತರ್ ಸಾಬ್” ಎಂದ. ಆಮೇಲೆ ತನ್ನ ಪಂಪಿನ ಮೂತಿ ತೋರಿಸಿ, ನಿಮ್ಮ ಸೈಕಲ್ಲಿನ ಸಣ್ಣ ವಾಲ್ವಿಗೆ ಇದು ಕೂಡ್ರೂದಿಲ್ಲ, ನಡುದಾರಿಯಲ್ಲಿ ಹವಾ ಹೋದರೆ ನನ್ನ ಕರೀಬ್ಯಾಡ್ರಿ ಎಂದೂ ಸೇರಿಸಿದ. ಒಳಗೆ 32 ಎಂಎಂ ಟೈರ್ ಹಿಡಿಸುವ ಸೈಕಲ್ ತಗೋ, ಎರಡು ಟ್ಯೂಬು, ಒಂದು ಕೈಪಂಪು ಜೊತೆಗಿಟ್ಟುಕೋ: ಚಾಚಾನ ಉಪದೇಶ ಇಷ್ಟೇ. ಮಾಸ್ತರರು ಮನೆಗೆ ಹೋಗಿ ಪಂಪುಗಳ ಬಗ್ಗೆ ನೋಡಲಿಕ್ಕೆ ಶುರು ಮಾಡಿದರು.

ಈ ಮೂರು ವರ್ಷದಲ್ಲಿ ಅವರ ಮಾತು ಕೇಳಿ ಊರಲ್ಲಿ ಮೂವರು ಸೈಕಲ್ ತಗೊಂಡರು. ಮೂರನೆಯವನು ನಾನು. ಹೈದರಾಬಾದಿನ ಸಾಫ್ಟ್‌ವೇರ್ ಹುಡುಗನೊಬ್ಬ ಉಮೇದಿನಲ್ಲಿ ಕೊಂಡು, ಒಂದು ತಿಂಗಳು ಓಡಿಸಿ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲಿಕ್ಕೆ ಇಟ್ಟುಕೊಂಡಿದ್ದ ಸೆಕೆಂಡ್ ಹ್ಯಾಂಡ್. ಮಾಸ್ತರರು ಜೊತೆಗೆ ರೈಲು ಹತ್ತಿ ಬಂದರು, ಜೇಬಿನಲ್ಲಿ ಟೇಪು. ನನ್ನ ಕಾಲಳತೆ ತಗೊಂಡರು, ಫ್ರೇಮ್ ಅಳೆದರು, ಬೆಸುಗೆಯ ಕಡೆ ಬಿರುಕು ಇದೆಯೇ ಎಂದು ಉಗುರಾಡಿಸಿದರು, ಚಕ್ರ ತಿರುಗಿಸಿ ಕಿವಿ ಇಟ್ಟರು. ಎಮ್ಮೆ ಸಂತೆಯಲ್ಲಿ ಹಲ್ಲು ನೋಡುವವರೂ ಇಷ್ಟು ನೋಡಲಿಕ್ಕಿಲ್ಲ. ಆ ಹುಡುಗ ಗಾಬರಿಯಾಗಿ ಕೇಳದೆಯೇ ಎರಡು ಸಾವಿರ ಇಳಿಸಿದ.

ಕಳೆದ ದೀಪಾವಳಿಯ ಮರುವಾರ ಅದನ್ನು ಸುರಪುರಕ್ಕೆ ಒಯ್ದೆವು. ಖರೆ ಏರು ಇರುವುದು ಅಲ್ಲಿ. ಗುಡ್ಡಗಳ ನಡುವೆ ಊರು, ಮೇಲೆ ಟೇಲರ್ ಮಂಜಿಲ್. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಆ ಬಂಗಲೆಗೆ ಸೈಕಲ್ ತುಳಿದವನಲ್ಲ. ಆತ 1876ರಲ್ಲಿ ತೀರಿಹೋದಾಗ ಸೈಕಲ್ಲಿಗೆ ಗಾಳಿ ತುಂಬಿದ ಟೈರೇ ಬಂದಿರಲಿಲ್ಲ. ನಾನು ಸೈಕಲ್ ಮೇಲೆ, ಮಾಸ್ತರರು ಹಿಂದೆ ತಮ್ಮ ಸ್ಕೂಟಿಯಲ್ಲಿ, ತಲೆಗೆ ಸೈಕಲ್ಲಿನ ಹೆಲ್ಮೆಟ್.

“ಗೇರ್ ಇಳಸ್ರಿ! ಈಗ ಇಳಸ್ರಿ! ಏರು ಹತ್ತಿದ ಮ್ಯಾಗ ಇಳ್ಸಿದ್ರ ಚೈನ್ ಕಿತಗೋತದ!”

ಇಳಿಸಿದೆ. ಇನ್ನು ಇಳಿಸಲು ಏನೂ ಉಳಿಯಲಿಲ್ಲ. ಎದೆ ಕುಟ್ಟಣಿಯಂತೆ ಬಡಿಯುತ್ತಿತ್ತು. ಹಿಂದಿನಿಂದ ಪ್ರವಚನ ನಡೆದೇ ಇತ್ತು. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದರೂ 1937ರ ತನಕ ಗೇರ್ ಬದಲಿಸುವ ಯಂತ್ರಕ್ಕೆ ಅಲ್ಲಿ ಪರವಾನಗಿ ಇರಲಿಲ್ಲ, ಅವರೆಲ್ಲ ಆಲ್ಪ್ಸ್ ಹತ್ತಲಿಲ್ಲೇನು, ನಿಮಗೇನು ಧಾಡಿ, ಇತ್ಯಾದಿ. ನಿಂಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮಿಬ್ಬರನ್ನೂ ನೋಡಿ, “ಯಪ್ಪಾ, ಅವನ ಹಿಂದ ಕುಂತು ಹೋಗಬಾರದೇನು?” ಎಂದಳು. ತಿರುವಿನ ಹತ್ತಿರ ನಾನು ಇಳಿದೆ. ಕೊನೆಯದೊಂದಿಷ್ಟು ದೂರ ತಳ್ಳಿಕೊಂಡೇ ಹೋದೆ.

ಮೇಲೆ ಗಾಳಿ ಚೆನ್ನಾಗಿತ್ತು. ಮಾಸ್ತರರು ಸ್ಕೂಟಿಗೆ ಸ್ಟ್ಯಾಂಡ್ ಹಾಕಿ, ಕುಕ್ಕುರುಗಾಲಲ್ಲಿ ಕೂತು ನನ್ನ ಹಿಂಚಕ್ರದ ದೊಡ್ಡ ಹಲ್ಲುಗಳನ್ನು ಬೆರಳಿಟ್ಟು ಎಣಿಸಿದರು. ಎರಡು ಸಲ.

“28 ಅವ. ನಾ ಅವತ್ತೇ 32 ಅಂದಿದ್ದೆ.” ನನ್ನ ಉಸಿರು ತಹಬಂದಿಗೆ ಬರುವವರೆಗೆ ಕಾದು, ಸೀಟಿನ ಮೇಲಿನ ಧೂಳನ್ನು ತಮ್ಮ ಟವೆಲಿನಿಂದ ಒರೆಸಿದರು. “ಮುಂದ ಎಂದಾರ ಮಾರ್ತೀರೇನ್ರಿ ಇದನ್ನ? ಇನ್ನೊಂದ್ ವರ್ಷ ಓಡಸ್ರಿ, ಹಂಗೇನಿಲ್ಲ. ನನಗೇನು ಗಡಿಬಿಡಿ ಇಲ್ಲ.”