ಸಾಂಟಾನ ಗಡ್ಡಕ್ಕೆ ಎಲೆಅಡಿಕೆ

ಬೀಗರಿಬ್ಬರನ್ನು ಒಂದೇ ಸೂರಿನಡಿ ಒಟ್ಟಿಗೆ ಕರೆಸಿಕೊಳ್ಳುವ ಧೈರ್ಯವಂತರು ನ್ಯೂಜೆರ್ಸಿಯ ಕನ್ನಡಿಗರಲ್ಲಿ ಕಡಿಮೆ. ತಿಳಿದವರು ಬೇಸಿಗೆಗೆ ಒಂದು ಕಡೆಯವರು, ಚಳಿಗೆ ಇನ್ನೊಂದು ಕಡೆಯವರು ಎಂದು ಪಾಳಿ ಹಾಕಿಕೊಂಡಿರುತ್ತಾರೆ. ನಮ್ಮ ಯಜಮಾನರು ಟಿಕೆಟ್ಟು ಅಗ್ಗಕ್ಕೆ ಸಿಕ್ಕಿತೆಂದು ಮೈಸೂರಿನ ತಮ್ಮ ತಂದೆಯನ್ನೂ ಸಾಗರದ ನಮ್ಮ ಅಮ್ಮನನ್ನೂ ಒಂದೇ ವಿಮಾನ ಹತ್ತಿಸಿಬಿಟ್ಟರು.

ಬೀಗರು ಜಗಳವಾಡಿದರೆ ಎಷ್ಟೋ ವಾಸಿ. ಇವರದು ಮರ್ಯಾದೆ. ಟಿವಿ ರಿಮೋಟು ಮೇಜಿನ ಮಧ್ಯೆ ಇರುತ್ತದೆ. "ನೀವೇ ಹಾಕಿ ಬೀಗರೇ" ಎಂದು ಅಮ್ಮ. "ಛೆ ಛೆ, ತಾವು ನೋಡೋದು ಹಾಕಿ" ಎಂದು ಮಾವ. ಸಂಜೆಯೆಲ್ಲ ಟಿವಿ ಕಪ್ಪಗೆ ಕೂತಿರುತ್ತದೆ, ಅದರೆದುರು ಇವರಿಬ್ಬರು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ವಾಕಿಂಗ್ ಹೋಗಿ ಎನ್ನಲು ಹೊರಗೆ ಹಿಮ. ಶಾಲೆಗೆ ರಜೆ ಬೇರೆ. ಮಗಳು ಮನೆಯಲ್ಲೇ.

ಈ ಮೂವರನ್ನು ಒಂದು ಮೇಜಿಗೆ ಕೂರಿಸಿದ್ದು ಓರಿಗಾಮಿ, ಅಂದರೆ ಜಪಾನಿನ ಕಾಗದ ಮಡಚುವ ಕಲೆ. ಕೂರಿಸಿದವಳು ನಾನಲ್ಲ, ಊರಿನ ಲೈಬ್ರರಿ. ಕ್ರಿಸ್‌ಮಸ್‌ಗೆ ಮೊದಲಿನ ಶನಿವಾರಗಳಲ್ಲಿ ಮಕ್ಕಳನ್ನೂ ಹಿರಿಯರನ್ನೂ ಜೋಡಿಜೋಡಿಯಾಗಿ ಕೂರಿಸಿ ಕಾಗದ ಮಡಚಿಸುವುದು ಅಲ್ಲಿಯ ರೂಢಿ. ಫೀಸಿಲ್ಲ, ಹೀಟರ್ ಇದೆ, ಬಿಸ್ಕತ್ತು ಕೊಡುತ್ತಾರೆ. ಇದಕ್ಕಿಂತ ಇನ್ನೇನು ಬೇಕು?

ಇಂಥ ಕಡೆ ಯಾರೂ ಕೊಕ್ಕರೆಯಿಂದ ಶುರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಓರಿಗಾಮಿ ಎಂದರೆ ಕೊಕ್ಕರೆ ಎಂದು ಲೋಕವೆಲ್ಲ ನಂಬಿದೆ. ಆದರೆ ಅದರ ಅರ್ಧದಾರಿಯಲ್ಲಿ ಮಗು ಅಳುತ್ತದೆ, ಮುಕ್ಕಾಲು ದಾರಿಯಲ್ಲಿ ತಾತನಿಗೆ ಬಿ.ಪಿ. ಏರುತ್ತದೆ. ಶುರುವಿಗೆ ಸಾಂಟಾನೇ ಸರಿ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಇರುವ ಚೌಕ ಕಾಗದ. ಅಂಗಡಿಯಲ್ಲಿ ಸಾಮಾನ್ಯವಾಗಿ 15 ಸೆಂಟಿಮೀಟರಿನದು ಸಿಗುತ್ತದೆ. ಬಿಳಿ ಮೇಲೆ ಬರುವಂತೆ ಇಟ್ಟು, ಮೂಲೆಯಿಂದ ಮೂಲೆಗೆ ಒಂದು ಗೆರೆ ಮಡಚಿ ಬಿಡಿಸಿ. ಒಂದು ಮೂಲೆಯ ಎರಡೂ ಅಂಚುಗಳನ್ನು ಆ ನಡುಗೆರೆಗೆ ತಂದು ಕೂರಿಸಿದರೆ ಗಾಳಿಪಟದ ಆಕಾರ ಬರುತ್ತದೆ. ಚೂಪಾದ ಕೆಂಪು ಭಾಗ ಟೋಪಿ, ಉಳಿದ ಬಿಳಿ ತ್ರಿಕೋನ ಗಡ್ಡ. ಪೆನ್ನಿನಲ್ಲಿ ಎರಡು ಕಣ್ಣು ಇಟ್ಟರೆ ಮುಗಿಯಿತು. ಕೈ ನಡುಗುವವರಿಗೆ ಎರಡರಷ್ಟು ದೊಡ್ಡ ಕಾಗದ ಕೊಡಿ, ಗೆರೆ ಒತ್ತಲು ಚಮಚದ ಹಿಂಭಾಗ ಸಾಕು.

ಮಾವ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿದವರು. ಮೊದಲ ಸಾಂಟಾನನ್ನು ಅಳೆದು, ಒತ್ತಿ, ಗಂಭೀರವಾಗಿ ಮಡಚಿ ಮೇಲೆತ್ತಿದರು. ಕಾಗದವನ್ನು ಮಗುಚಿ ಇಟ್ಟಿದ್ದರು. ಟೋಪಿ ಬೆಳ್ಳಗೆ, ಗಡ್ಡ ಕೆಂಪಗೆ.

ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಪಾಪ, ಎಲೆಅಡಿಕೆ ಹಾಕಿದ್ದಾನೆ ಬೀಗರೇ. ಉಗಿಯೋಕೆ ಇಲ್ಲಿ ಜಾಗ ಎಲ್ಲಿದೆ, ಗಡ್ಡದ ಮೇಲೇ ಆಗಿದೆ" ಎಂದರು, ಪೂರ್ಣ ಗೌರವದಿಂದ.

ಮಗಳಿಗೆ ಎಲೆಅಡಿಕೆ ಅಂದರೆ ಏನೆಂದು ಅಲ್ಲೇ ವಿವರಿಸಬೇಕಾಯಿತು. ತಿಳಿದ ಮೇಲೆ ಅವಳು ಇನ್ನೂ ನಾಲ್ಕು ಎಲೆಅಡಿಕೆ ಸಾಂಟಾ ಮಾಡಿ ಪಕ್ಕದ ಮೇಜಿನ ಮಕ್ಕಳಿಗೆಲ್ಲ ಹಂಚಿದಳು.

ಮಾವ ಸುಮ್ಮನಿರುವವರಲ್ಲ. ಮನೆಗೆ ಬಂದು ಕಾಫಿ ಕುಡಿಯುತ್ತಾ ಶುರು ಮಾಡಿದರು: "ಜಪಾನು ಜಪಾನು ಅಂತೀರಲ್ಲ, ನಮ್ಮ ಮದರಾಸಿನಲ್ಲಿ ಸುಂದರ ರಾವ್ ಅಂತ ಇದ್ದರು. 1893ರಲ್ಲೇ ಕಾಗದ ಮಡಚಿ ರೇಖಾಗಣಿತ ಕಲಿಸೋ ಪುಸ್ತಕ ಬರೆದರು. ಅದು 1901ರಲ್ಲಿ ಇದೇ ಅಮೆರಿಕದ ಷಿಕಾಗೋದಲ್ಲಿ ಅಚ್ಚಾಯ್ತು." ಮಾತು ನಿಜವೇ. ಪಂಚಕೋನ, ಷಟ್ಕೋನಗಳನ್ನೆಲ್ಲ ಸ್ಕೇಲು ಕೈವಾರಗಳಿಲ್ಲದೆ ಬರೀ ಮಡಿಕೆಯಲ್ಲಿ ತೆಗೆದು ತೋರಿಸಿದ ಪುಸ್ತಕ ಅದು. ಆ ಯೋಚನೆ ಅವರಿಗೆ ಬಂದದ್ದು ಕಿಂಡರ್‌ಗಾರ್ಟನ್ನಿನ ಕಾಗದದ ಆಟದಿಂದ. ಕಿಂಡರ್‌ಗಾರ್ಟನ್ ಹುಟ್ಟುಹಾಕಿದ ಜರ್ಮನಿಯ ಫ್ರೋಬೆಲ್ ಹೆಸರಿನಲ್ಲಿ ಇವತ್ತಿಗೂ ಕಾಗದದ ಪಟ್ಟಿ ಹೆಣೆದು ಮಾಡುವ ಕ್ರಿಸ್‌ಮಸ್ ನಕ್ಷತ್ರ ಒಂದಿದೆ. ಮಾವ ಜರ್ಮನಿಯ ಭಾಗವನ್ನು ಸ್ವಲ್ಪ ಬೇಗ ದಾಟಿಸಿದರು.

"ಹೌದಾ ಬೀಗರೇ? ನಮ್ಮ ಕಡೆ ಹಲಸಿನೆಲೆ ಕೊಟ್ಟೆ ಕಟ್ಟಿ ಕಡುಬು ಬೇಯಿಸೋರು ಯಾವ ಪುಸ್ತಕ ಓದಿದ್ದರೋ" ಎಂದು ಅಮ್ಮ ಲೋಟ ತೆಗೆದುಕೊಂಡು ಒಳಗೆ ಹೋದರು.

ಅಮ್ಮ ಓರಿಗಾಮಿ ಪುಸ್ತಕಗಳ ಚಿತ್ರಗಳನ್ನು ನೋಡುವುದೇ ಇಲ್ಲ. ಚುಕ್ಕೆಗೆರೆ, ಬಾಣಗಳ ಆ ಭಾಷೆಯನ್ನು ರೂಢಿಗೆ ತಂದವರು ಜಪಾನಿನ ಅಕಿರಾ ಯೋಶಿಜಾವಾ; ಅದರಿಂದಾಗಿ ಜಪಾನಿ ಬಾರದವರೂ ಅವರ ಪುಸ್ತಕ ನೋಡಿ ಮಡಚಬಹುದು. ಅಮ್ಮನಿಗೆ ಬಾಣ ಬೇಡ, ಎದುರಿನವರ ಕೈ ಕಂಡರೆ ಸಾಕು. ಲೈಬ್ರರಿಯಲ್ಲಿ ಅವರ ಜೊತೆಗೆ ಕೂತಿದ್ದವರು ಇಟಲಿ ಮೂಲದ ಅಜ್ಜಿಯೊಬ್ಬರು. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರಿಗೆ ಕಿವಿ ಅಷ್ಟಕ್ಕಷ್ಟೇ. ಇಬ್ಬರೂ ಒಂದು ಗಂಟೆ ಎಡೆಬಿಡದೆ ಮಾತಾಡಿದರು. 6, 5, 4 ಇಂಚಿನ ಮೂರು ಹಸಿರು ಚೌಕಗಳನ್ನು ತ್ರಿಕೋನಗಳಾಗಿ ಮಡಚಿ ಒಂದರೊಳಗೊಂದು ಸಿಕ್ಕಿಸಿ ಮರ ನಿಲ್ಲಿಸಿದರು. ಕೊನೆಗೆ ಆ ಅಜ್ಜಿ ಬಿಸ್ಕತ್ತು ಕೊಟ್ಟಾಗ ಅಮ್ಮ ಎರಡು ಕೈಗಳನ್ನು ರೆಕ್ಕೆಯಂತೆ ಬಡಿದು "ಕೊಕ್ಕೊಕ್ಕೋ?" ಎಂದು ಕೇಳಿದರು. ಮೊಟ್ಟೆ ಹಾಕಿದೆಯೋ ಇಲ್ಲವೋ ಎಂದು ತಿಳಿಯಬೇಕಿತ್ತು. ಆ ಅಜ್ಜಿಗೆ ಒಡನೆಯೇ ಅರ್ಥವಾಯಿತು. ಹಾಕಿತ್ತು.

ರಜೆಯಲ್ಲಿ ರೈಲು ಹತ್ತಿಸಿ ಎಲ್ಲರನ್ನೂ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಕರೆದುಕೊಂಡು ಹೋದೆವು. ಅಲ್ಲಿ ಪ್ರತಿ ವರ್ಷ 13 ಅಡಿಯ ಮರವೊಂದನ್ನು ಬರೀ ಓರಿಗಾಮಿಯಿಂದ ಸಿಂಗರಿಸುತ್ತಾರೆ. ಡೈನೋಸಾರು, ತಿಮಿಂಗಿಲ, ಜೇಡ ಎಲ್ಲವೂ ಕಾಗದದವೇ; ಮಡಚುವವರು ಓರಿಗಾಮಿ ಯುಎಸ್‌ಎ ಸಂಘದ ಸ್ವಯಂಸೇವಕರು. 1970ರ ದಶಕದಲ್ಲಿ ಈ ಪದ್ಧತಿಯ ಬೀಜ ಹಾಕಿದವರು ಅಲ್ಲಿಯ ಕೀಟಶಾಸ್ತ್ರಜ್ಞೆ ಆಲಿಸ್ ಗ್ರೇ. ಕ್ರಿಸ್‌ಮಸ್ ಮರದ ಮೇಲೆ ಕಾಗದದ ಹುಳು ಕಂಡ ಮಾವ ವಿಜ್ಞಾನ ಎಂದರು. ಅಮ್ಮ ಮರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದರ ಧೂಳು ಯಾರು ತೆಗೀತಾರೆ?" ಎಂದರು. ವಿಜ್ಞಾನದ ಬಳಿ ಉತ್ತರ ಇರಲಿಲ್ಲ.

ಮನೆಯ ಮರಕ್ಕೆ ಕಾಗದ ಸಾಲದೆ ಬಂದಿತು. ಪ್ರಿಂಟರ್ ಕಾಗದ ಇಲ್ಲಿ ಎಂಟೂವರೆಗೆ ಹನ್ನೊಂದು ಇಂಚು. ಚೌಕ ಮಾಡಿದರೆ ಎರಡೂವರೆ ಇಂಚಿನ ಪಟ್ಟಿ ಉಳಿಯುತ್ತದೆ. ಆ ಪಟ್ಟಿಗಳನ್ನೆಲ್ಲ ಅಮ್ಮ ದಿನಸಿ ಚೀಟಿಗೆಂದು ಡಬ್ಬಿಯಲ್ಲಿ ಎತ್ತಿಟ್ಟರು. ಕ್ಯಾಲೆಂಡರನ್ನು ತಾವಾಗಿ ಹೊರಗೆ ತಂದದ್ದೂ ಅವರೇ. ಊರಿನಿಂದ ಸೀರೆಯ ನಡುವೆ ಸುತ್ತಿ ತಂದಿದ್ದ ಗೋಡೆ ಕ್ಯಾಲೆಂಡರು. ತಿಥಿ, ನಕ್ಷತ್ರ, ಸಂಕಷ್ಟಿ, ಏಕಾದಶಿ ಸಮೇತ. ಜನವರಿಯಿಂದ ನವೆಂಬರಿನವರೆಗಿನ ಹಾಳೆ ಕೊಟ್ಟರು. ಡಿಸೆಂಬರ್ ಮುಟ್ಟಕೂಡದು.

ಅದರಿಂದ ನಕ್ಷತ್ರ ಮಾಡುವುದು ಸುಲಭ. ಹಾಳೆಯಿಂದ ಎಂಟು ಚೌಕ ಕತ್ತರಿಸಿ, ಎಂಟಕ್ಕೂ ಅದೇ ಸಾಂಟಾನ ಗಾಳಿಪಟದ ಮಡಿಕೆ ಹಾಕಿ, ಚೂಪು ತುದಿ ಹೊರಗೆ ಬರುವಂತೆ ಒಂದರ ಅಂಚನ್ನು ಇನ್ನೊಂದರ ನಡುಗೆರೆಗೆ ಅಂಟಿಸುತ್ತಾ ಸುತ್ತು ಬಂದರೆ ಆಯಿತು. "ಎಂಟು ನಲವತ್ತೈದಲೆ ಮುನ್ನೂರ ಅರವತ್ತು" ಎಂದು ಮಾವ ಪ್ರತಿ ನಕ್ಷತ್ರಕ್ಕೂ ಹೇಳಿದರು. ಅಮ್ಮ ಕಾಗದ ಉಳಿಸಲು ನಾಲ್ಕೇ ಚೌಕದಲ್ಲಿ ನಾಲ್ಕು ಮೂಲೆಯ ನಕ್ಷತ್ರ ಮಾಡಿದರು. ಅದೂ ಕೂಡಿತು. ಮಾವ ಅದಕ್ಕೆ ಲೆಕ್ಕ ಹೇಳಲಿಲ್ಲ.

ಪಕ್ಕದ ಮನೆಯಾಕೆ ಬಂದವರು ನಕ್ಷತ್ರದ ಮೇಲಿನ ಅಕ್ಷರಗಳನ್ನು ಮೆಚ್ಚಿ, ಇದು ನಿಮ್ಮ ಭಾಷೆಯ ಹಬ್ಬದ ಹಾರೈಕೆಯೇ ಎಂದು ಕೇಳಿದರು. ಅಲ್ಲಿ "ಶುಕ್ರವಾರ ರಾಹುಕಾಲ 10.30ರಿಂದ 12" ಎಂದಿತ್ತು. ಯಜಮಾನರು ಹೌದೆಂದರು. ಆಕೆ ಒಂದು ಕೇಳಿ ತೆಗೆದುಕೊಂಡು ಹೋಗಿ ತಮ್ಮ ಬಾಗಿಲಿಗೆ ತೂಗುಹಾಕಿದ್ದಾರೆ.

ವರ್ಷದ ಕೊನೆಗೆ ನೆಂಟರು ಬರುವವರಿದ್ದರು. ಸೋಫಾ ಎಳೆಯಲು ಮರ ತೆಗೆಯಬೇಕಿತ್ತು. ಒಳ್ಳೆಯ ದಿನ ನೋಡದೆ ತೆಗೆಯಬೇಡಿ ಎಂದು ಅಮ್ಮ ಗೋಡೆಯ ಕಡೆ ತಿರುಗಿದರು. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

"ಅಜ್ಜೀ, ಟಾಪ್ ಸ್ಟಾರ್‌ಗೆ ಪೇಪರ್ ಸಾಲ್ಲಿಲ್ಲ" ಎಂದಳು ಮಗಳು.

ಮಾವ ಕುರ್ಚಿ ಹತ್ತಿ ಮರದ ತುದಿಯ ನಕ್ಷತ್ರವನ್ನು ಇಳಿಸಿಕೊಂಡು ಬಂದರು. ಎಂಟು ಮೂಲೆಗಳಲ್ಲಿ ಡಿಸೆಂಬರ್ ಹರಡಿಕೊಂಡಿತ್ತು. ಬೀಗರಿಬ್ಬರೂ ಒಂದೇ ಭೂತಗನ್ನಡಿಯಡಿ ತಲೆ ತಂದು ಹುಡುಕತೊಡಗಿದರು.

"ಇಲ್ಲಿ ಹತ್ತೊಂಬತ್ತಿದೆ."

"ಇದು ಆರು. ಆ ಕಡೆ ತಿರುಗಿಸಿ ಬೀಗರೇ."

"ಮೂವತ್ತು ಒಳಮಡಿಕೆಯಲ್ಲಿ ಹೋಗಿದೆ ಅನ್ನಿಸುತ್ತೆ. ಅಂಟು ಹಾಕಿದವರು ಯಾರು?"

"ನೀವೇ ಅಲ್ಲವೇ, ಎಂಟು ನಲವತ್ತೈದಲೆ ಅಂತ."

"ಹಾಗಾದರೆ ತಾವೇ ಬಿಡಿಸಿ."

"ಛೆ ಛೆ, ನೀವೇ ಬಿಡಿಸಿ ಬೀಗರೇ."